ಹಲ್ಲು ಮಾವನ ಎರವಲು ಮಕ್ಕಳು

ನನ್ನ ಸೋದರಮಾವನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಹಲ್ಲು ನೆನಪಿರುತ್ತಿತ್ತು. ದಾರಿಯಲ್ಲಿ ಯಾರಾದರೂ ತಡೆದು ಮಾತಾಡಿಸಿದರೆ ಅವನು ಸುಮ್ಮನೆ ತಲೆಯಾಡಿಸುತ್ತಾ ಕಾಯುತ್ತಿದ್ದ. ಅವರು ನಕ್ಕ ಕೂಡಲೇ ಗುರುತು ಹತ್ತುತ್ತಿತ್ತು. ಆಮೇಲೆ ಅವರ ಮನೆಮಂದಿಯನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸಿಕೊಳ್ಳದೆ ಬಿಡುತ್ತಿರಲಿಲ್ಲ.

ಅವನ ಕೆಲಸವೇ ಅಂಥದ್ದು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದುಗಡೆ ಒಂದು ಕೋಣೆ. ಅದಕ್ಕೆ ಒಂದು ನಲ್ಲಿ, ಒಂದು ಕಿಟಕಿ, ಗೋಡೆಯುದ್ದಕ್ಕೂ ಒಂದು ಬೆಂಚು. ಅಲ್ಲಿ ಕೂತು ಮಾವ ಕಟ್ಟುಹಲ್ಲು ಮಾಡುತ್ತಿದ್ದ. ಮೇಣ ಕರಗಿಸುವ ಚಿಕ್ಕ ಉರಿ, ಪುಟ್ಟ ಚಾಕುಗಳು, ಗಾರೆಯಲ್ಲಿ ಅಚ್ಚು ತೆಗೆದ ಯಾರ್‍ಯಾರದೋ ಬಾಯಿಗಳು ಸಾಲಾಗಿ. ನಾನು ಚಿಕ್ಕವಳಿದ್ದಾಗ ಆ ಬಾಯಿಗಳೆಲ್ಲ ರಾತ್ರಿ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ ಎಂದು ನಂಬಿದ್ದೆ. ಕಿಟಕಿಯ ಬಳಿ ಬಣ್ಣ ಹೊಂದಿಸಿ ನೋಡುವ ಒಂದು ಪಟ್ಟಿ ತೂಗುತ್ತಿತ್ತು. ಅದರಲ್ಲಿ ಹದಿನಾರು ಹಲ್ಲು, ಹದಿನಾರು ಬಗೆಯ ಬಿಳಿ. ನನ್ನ ಕಣ್ಣಿಗೆ ಎಲ್ಲವೂ ಒಂದೇ. ಮಾವ ಮಾತ್ರ ಬಾಯಿ ತೆರೆದವರ ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಎರಡು ಕ್ಷಣ ನೋಡಿ, ಒಂಬತ್ತನೆಯದು ಎಂದುಬಿಡುತ್ತಿದ್ದ. ಅದು ಎಂದೂ ತಪ್ಪುತ್ತಿರಲಿಲ್ಲ.

ಅವನಿಗೆ ಹದಿನಾಲ್ಕಾಗಿದ್ದಾಗ ತಾತ ತೀರಿಕೊಂಡರು. ಹದಿನಾರಕ್ಕೆ ಮಾವ ಶಾಲೆ ಬಿಟ್ಟು ಮೇಣ ಕೆತ್ತಲು ಕೂತ. ಅವನಿಗಿಂತ ಎರಡು ವರ್ಷ ದೊಡ್ಡವಳಾದ ನನ್ನ ಅಮ್ಮ ಓದಿದ್ದು, ಮದುವೆಯಾಗಿದ್ದು ಅವನ ದುಡಿಮೆಯಲ್ಲೇ. ತನ್ನ ಮದುವೆಯ ಮಾತು ಒಂದೆರಡು ಕಡೆ ನಡೆದು ನಿಂತುಹೋಯಿತು. ಆಮೇಲೆ ಅಜ್ಜಿಯೇ ಕೇಳುವುದನ್ನು ಬಿಟ್ಟಳು. ಅಜ್ಜಿ, ಮಾವ ಇಬ್ಬರೇ ಮಹಡಿಯ ಮೇಲಿನ ಮೂರು ಕೋಣೆಯ ಮನೆಯಲ್ಲಿದ್ದರು. ಎರಡು ಬೀದಿಯಾಚೆ ನಮ್ಮ ಮನೆ.

ಮಾವನಿಗೆ ಸಿನಿಮಾದ ಹುಚ್ಚು ಹಿಡಿದಿದ್ದು ಕ್ಲಿನಿಕ್ಕಿನಲ್ಲೇ. ಹೆದರಿ ಅಳುವ ಮಕ್ಕಳಿಗಾಗಿ ಡಾಕ್ಟರು ಹೊರಗಿನ ಕೋಣೆಯಲ್ಲಿ ಒಂದು ಟಿವಿ ಹಾಕಿಸಿದ್ದರು. ಅದರಲ್ಲಿ ಕಂಪ್ಯೂಟರಿನಿಂದ ಮಾಡಿದ ಮಕ್ಕಳ ಸಿನಿಮಾಗಳು ಇಡೀ ದಿನ ಓಡುತ್ತಿದ್ದವು. ಯಾವುದೋ ಮುದುಕರ ಕೆಳದವಡೆಯ ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಮಾವ ಬಾಗಿಲಿಗೆ ಒರಗಿ ನಿಂತುಬಿಡುತ್ತಿದ್ದ. ಮಗುವಿನ ಸರದಿ ಬಂದು ಮಗು ಒಳಗೆ ಹೋದರೂ ಇವನು ಕದಲುತ್ತಿರಲಿಲ್ಲವಂತೆ. ಡಾಕ್ಟರು ಹಾಸ್ಯಕ್ಕೆ, ನಿಮ್ಮ ಹಲ್ಲಿಗೂ ಹೆದರಿಕೆಯಾ ಎಂದು ಕೇಳುತ್ತಿದ್ದರು.

ನನಗೆ ಆರು ವರ್ಷವಾಗಿದ್ದಾಗ ನೀರುನಾಯಿಗಳ ಸಿನಿಮಾ ಬಂತು. ಭಾನುವಾರ ಮಧ್ಯಾಹ್ನದ ಆಟಕ್ಕೆ ಮಾವ ಒಬ್ಬನೇ ಹೋದ. ಟಿಕೆಟ್ ಕೊಡುವವನು, ಮಕ್ಕಳು ಎಷ್ಟು ಜನ ಎಂದು ಕೇಳಿದ. ತಾನೊಬ್ಬನೇ ಎಂದು ಮಾವ ಹೇಳಿದ. ಆತ ತಲೆಯೆತ್ತಿ ಒಮ್ಮೆ ನೋಡಿ ಟಿಕೆಟ್ ಹರಿದುಕೊಟ್ಟ. ಒಳಗೆ ಹೋಗಿ ಕೂತರೆ, ಪಕ್ಕದಲ್ಲಿದ್ದ ತಾಯಿಯೊಬ್ಬಳು ತನ್ನ ಎರಡು ಮಕ್ಕಳನ್ನು ಎಬ್ಬಿಸಿಕೊಂಡು ನಾಲ್ಕು ಸೀಟು ಆಚೆ ಹೋಗಿ ಕೂತಳು. ಅವಳೇನೂ ಅನ್ನಲಿಲ್ಲ. ಆದರೂ ಮಾವ ಸಿನಿಮಾ ಶುರುವಾಗುವ ಮೊದಲೇ ಎದ್ದು ಬಂದ. ಇದನ್ನು ಅವನು ನನಗೆ ಹೇಳಿದ್ದು ಹದಿನೈದು ವರ್ಷದ ನಂತರ, ಅದೂ ನಗುತ್ತಾ.

ಮರುವಾರ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

“ಇವಳನ್ನ ಒಂದು ಮೂರು ಗಂಟೆ ಹೊತ್ತು ಕೊಡ್ತೀಯಾ ಅಕ್ಕ? ಹಾಗೇ ವಾಪಸ್ ತಂದುಕೊಡ್ತೀನಿ.”

“ಹಾಗೇ ಬೇಡ,” ಎಂದಳು ಅಮ್ಮ. “ಹೊಟ್ಟೆ ತುಂಬಿಸಿ ತಂದುಕೊಡು.”

ಹೀಗೆ ನಾನು ಮಾವನ ಮೊದಲ ಎರವಲು ಮಗುವಾದೆ.

ಕಥೆ ನನಗಿನ್ನೂ ಬಾಯಿಪಾಠ. ಅಪ್ಪ, ಅಮ್ಮ, ಮೂರು ಮರಿ, ಕಿವಿ ಕೇಳದ, ಕಾಲು ಕುಂಟುವ ಒಬ್ಬ ತಾತ, ಇಷ್ಟು ನೀರುನಾಯಿಗಳ ಸಂಸಾರ. ನದಿಯ ನೀರು ಬತ್ತುತ್ತಾ ಬರುತ್ತದೆ. ಎಲ್ಲರೂ ಮನೆಮಠ ಬಿಟ್ಟು ಮೇಲಿನ ಸರೋವರಕ್ಕೆ ಹೊರಡುತ್ತಾರೆ. ಗಡಿಬಿಡಿಯಲ್ಲಿ ಕೊನೆಯ ಮರಿ ಬಂಡೆಯ ಮೇಲೆ ನಿದ್ದೆ ಹೋಗಿರುವುದು ಯಾರ ಗಮನಕ್ಕೂ ಬರುವುದಿಲ್ಲ. ತಾತ ಮಾತ್ರ ತಲೆ ಎಣಿಸುತ್ತಾನೆ, ಒಂದು ಕಡಿಮೆ. ಮಾತಿಲ್ಲದೆ ಹಿಂದಕ್ಕೆ ತಿರುಗಿ, ಆ ಕುಂಟುಕಾಲಲ್ಲಿ, ಒಣಗಿದ ಹೊಳೆಯ ಹಾದಿ ಹಿಡಿದು ನಡೆಯತೊಡಗುತ್ತಾನೆ. ಅವನ ಬೆನ್ನು ಚಿಕ್ಕದಾಗುತ್ತಾ ಹೋಗುತ್ತದೆ, ಅಷ್ಟೆ.

ನಾನು ಮಾವನ ಮುಖ ನೋಡಿದೆ. ಕಣ್ಣೀರು ಗಲ್ಲದವರೆಗೂ ಇಳಿದಿತ್ತು. ದೊಡ್ಡವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಹೆದರಿ ಅವನ ತೋಳು ಅಲುಗಾಡಿಸಿದೆ. ಅವನು ಸಾವರಿಸಿಕೊಂಡು, ನನ್ನನ್ನು ಬೇರೆ ಕಡೆ ಎಳೆಯಲೆಂದೋ ಏನೋ, ಕಿವಿಯಲ್ಲಿ ಪಿಸುಗುಟ್ಟಿದ: “ಅವರ ಹಲ್ಲು ನೋಡು. ಮಧ್ಯೆ ಗೆರೇನೇ ಇಲ್ಲ. ಎಲ್ಲಾ ಸೇರಿಸಿ ಒಂದೇ ಪಟ್ಟಿ ಅಂಟಿಸಿಬಿಟ್ಟಿದ್ದಾರೆ.”

ಅವನ ಪಿಸುಮಾತು ಮೂರು ಸಾಲಿಗೆ ಕೇಳುವಂಥದ್ದು. ಅವನ ಆಚೆ ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳ ಜೊತೆ ಒಬ್ಬ ಹೆಂಗಸು ಕೂತಿದ್ದಳು. ಅವಳೂ ಮೂಗು ಒರೆಸಿಕೊಳ್ಳುತ್ತಿದ್ದವಳು ಕಿಸಕ್ಕನೆ ನಕ್ಕಳು. ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

“ಹಲ್ಲು ಬಿಡಿ, ಆ ಮರೀಗೆ ಮೊಣಕೈನೇ ಇಲ್ಲ. ಕೈ ಹಗ್ಗದ ಹಾಗೆ ಬಾಗುತ್ತೆ.”

ಮಾವ ನೋಡಿದ. ನಿಜ. ಆಮೇಲೆ ಸಿನಿಮಾ ಮುಗಿಯುವವರೆಗೆ ಇಬ್ಬರೂ ಒಂದೊಂದು ತಪ್ಪು ಹುಡುಕಿ ಒಬ್ಬರಿಗೊಬ್ಬರು ಒಪ್ಪಿಸಿದರು. ನಡುನಡುವೆ ಇಬ್ಬರೂ ಅತ್ತರು. ಕೊನೆಗೆ ದೀಪ ಹತ್ತಿತು. ಅವಳು ಎರಡು ಜಡೆಯವಳ ಕೈ ಹಿಡಿದು ಎಡಗಡೆ ಬಾಗಿಲಿಂದ ಹೋದಳು, ನಾವು ಬಲಗಡೆಯಿಂದ. ಅವಳು ಎಕ್ಸ್-ರೇ ತೆಗೆಯುವ ಕೆಲಸದವಳಂತೆ, ಅದಕ್ಕೇ ಅವಳಿಗೆ ಎಲುಬೇ ಕಾಣುವುದು ಎಂದು ಮಾವ ದಾರಿಯಲ್ಲಿ ಎರಡು ಸಲ ಹೇಳಿದ. ಆರು ವರ್ಷದವಳಿಗೆ ಅದರಲ್ಲೇನು ವಿಶೇಷ ಕಂಡೀತು.

ಆಮೇಲೆ ಎಷ್ಟು ಸಿನಿಮಾ ನೋಡಿದೆವೋ ಲೆಕ್ಕವಿಲ್ಲ. ಮಾತಾಡುವ ಬಸ್ಸುಗಳು, ಮೋಡದ ಮೇಲಿನ ಊರು, ಕಳೆದುಹೋದ ರೊಬೋಟು. ಮಾವ ಕೆಲಸದವನ ಕಣ್ಣಿಂದ ನೋಡುತ್ತಿದ್ದ. ಒದ್ದೆ ಕೂದಲು ಹೇಗೆ ಒಂದಕ್ಕೊಂದು ಅಂಟಿಕೊಂಡಿದೆ, ಬೆಳಕು ಕಿವಿಯ ತೆಳುವಾದ ಭಾಗದಲ್ಲಿ ಹೇಗೆ ಕೆಂಪಗೆ ಹಾಯ್ದುಬರುತ್ತದೆ ಎಂದು ತೋರಿಸುತ್ತಿದ್ದ. ಹಲ್ಲಿಗೂ ಹಾಗೇ ಬೆಳಕು ಒಳಗೆ ಇಳಿಯಬೇಕು, ಇಲ್ಲದಿದ್ದರೆ ಬಟ್ಟೆಯ ಗುಂಡಿಯ ಹಾಗೆ ಕಾಣುತ್ತದೆ ಎನ್ನುತ್ತಿದ್ದ. ಒಂದು ಸಿನಿಮಾದ ಎರಡನೆಯ ಭಾಗ ಬಂದರಂತೂ ಅವನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಎಲ್ಲರೂ ಎರಡನೆಯದು ಸಪ್ಪೆ ಎಂದು ಮೂಗು ಮುರಿದರೆ ಇವನು ಒಪ್ಪುತ್ತಿರಲಿಲ್ಲ.

“ಕಥೆಗೆ ಯಾರು ಹೋಗ್ತಾರೆ? ಆ ಜನ ಹೇಗಿದ್ದಾರೆ ಅಂತ ನೋಡ್ಕೊಂಡು ಬರೋಕೆ ಹೋಗೋದು,” ಎನ್ನುತ್ತಿದ್ದ.

ನೀರುನಾಯಿಗಳ ಎರಡನೆಯ ಭಾಗ ಬರಲು ಆರು ವರ್ಷ ಹಿಡಿಯಿತು. ಮಾವ ಎರಡು ಟಿಕೆಟ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದ. ನಾನು ಹನ್ನೆರಡು ವರ್ಷದವಳು. ಜೊತೆಗೆ ಇಬ್ಬರು ಗೆಳತಿಯರು ಬಂದು ಕೂತಿದ್ದರು. ಟಿಕೆಟ್ಟಿನ ಮೇಲಿದ್ದ ನೀರುನಾಯಿಯ ಚಿತ್ರ ನೋಡಿ ಒಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

“ನಾನು ಬರಲ್ಲ,” ಎಂದೆ. “ನಿನಗೆ ಮಕ್ಕಳಿಲ್ಲ ಅಂತ ಯಾವಾಗಲೂ ನಾನೇ ಯಾಕೆ ಬರಬೇಕು?”

ಅಡುಗೆಮನೆಯಲ್ಲಿ ಅಮ್ಮನ ಕೈಯಲ್ಲಿದ್ದ ಪಾತ್ರೆಯ ಸದ್ದು ನಿಂತಿತು. ಮಾವ ನನ್ನನ್ನು ನೋಡಲಿಲ್ಲ. ಟಿಕೆಟ್ಟುಗಳನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಹೌದಲ್ಲ, ನೀನು ಎಷ್ಟು ಉದ್ದ ಆಗಿದ್ದೀಯ, ಎಂದ. ಗೆಳತಿಯರ ಹತ್ತಿರ ಅವರವರ ಮನೆಯವರ ಕ್ಷೇಮ ಕೇಳಿ ಹೊರಟುಹೋದ. ಅಮ್ಮ ನನಗೆ ಬೈಯಲಿಲ್ಲ. ಎರಡು ದಿನ ಮಾತಾಡಿಸಲಿಲ್ಲ, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಾವ ಕೆಳಮನೆಯವರ ನಾಲ್ಕು ವರ್ಷದ ಮಗಳನ್ನು ಕೇಳಿ ಕರೆದುಕೊಂಡು ಹೋದ. ಮುಂದಿನದನ್ನು ಅವನ ಬಾಯಿಂದಲೂ ಇನ್ನೊಬ್ಬರ ಬಾಯಿಂದಲೂ ಎಷ್ಟೋ ಸಲ ಕೇಳಿದ್ದೇನೆ. ಇಬ್ಬರ ಕಥೆಗೂ ತಾಳೆಯಾಗುವಷ್ಟನ್ನು ಮಾತ್ರ ಹೇಳುತ್ತೇನೆ.

ಮಾವ ಕೂತಿದ್ದ ಸಾಲಿಗೇ ಆ ಎಕ್ಸ್-ರೇ ಹೆಂಗಸು ಬಂದಳು. ಈ ಸಲ ಅವಳ ಜೊತೆ ಅವಳಿ ಹೆಣ್ಣುಮಕ್ಕಳು, ಐದೋ ಆರೋ ವರ್ಷದವರು. ಮಾವನಿಗೆ ಮುಖ ನೆನಪಾಗಲಿಲ್ಲ. ಅವಳು ನಕ್ಕಳು. ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ನೋಡಿದ ಕೂಡಲೇ ಅವನು ಎದ್ದೇ ನಿಂತನಂತೆ.

“ನಿಮ್ಮ ಮಗಳು ಈಗ ದೊಡ್ಡೋಳಾಗಿರಬೇಕು,” ಎಂದಳು ಅವಳು, ಕೆಳಮನೆಯ ಹುಡುಗಿಯ ಕಡೆ ನೋಡುತ್ತಾ. “ಇವಳು ಎರಡನೆಯವಳಾ?”

ಹೌದು ಎಂದುಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತಂತೆ. ಹಾಗೆಂದಿದ್ದರೆ ಮುಗಿದುಹೋಗುತ್ತಿತ್ತು.

“ಅವಳು ನನ್ನ ಅಕ್ಕನ ಮಗಳು. ಇವಳು ಕೆಳಗಡೆ ಮನೆಯವರ ಮಗು,” ಎಂದ. “ನನಗೆ ಯಾರೂ ಇಲ್ಲ. ಕೇಳಿಕೊಂಡು ಕರ್ಕೊಂಡು ಬರ್ತೀನಿ.”

ಅವಳು ಸ್ವಲ್ಪ ಹೊತ್ತು ಅವಳಿಗಳ ಕಾಲರು ಸರಿಮಾಡುತ್ತಾ ಕೂತಳು. ಆಮೇಲೆ ಹೇಳಿದಳು:

“ಇವೂ ನನ್ನವಲ್ಲ. ನಮ್ಮ ಆಸ್ಪತ್ರೆ ನರ್ಸ್ ಮಕ್ಕಳು. ಅವತ್ತಿನ ಎರಡು ಜಡೆಯೋಳು ಪಕ್ಕದ ಮನೆಯೋಳು.”

ಇಬ್ಬರಿಗೂ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಹಿಂದಿನ ಸಾಲಿನವರು ಶ್ ಅಂದರು. ಬಾಯಿಗೆ ಕರವಸ್ತ್ರ ತುರುಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ, ನಲವತ್ತಾರರ ಗಂಡಸು, ನಲವತ್ತೆರಡರ ಹೆಂಗಸು. ಅವಳಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಎರಡು ವರ್ಷಕ್ಕೆ ಅದು ಮುರಿದು, ಅಂದಿನಿಂದ ಒಬ್ಬಳೇ ಇದ್ದಳು. ಅದನ್ನೂ ಅವಳು ಒಂದು ವಾಕ್ಯದಲ್ಲಿ ಅಲ್ಲೇ ಹೇಳಿ ಮುಗಿಸಿದಳು. ಅಷ್ಟರಲ್ಲಿ ಪರದೆಯ ಮೇಲೆ ನೀರು ಬಂತು. ಆರು ವರ್ಷದಲ್ಲಿ ನೀರು ಎಷ್ಟು ಚೆನ್ನಾಗಿ ಮಾಡಲು ಕಲಿತಿದ್ದರು ಎಂದರೆ ಇಬ್ಬರೂ ಸುಮ್ಮನಾದರು.

ಅರ್ಧಕ್ಕೆ ಬರುವ ಹೊತ್ತಿಗೆ ಕೆಳಮನೆಯ ಹುಡುಗಿ ತಿಂದದ್ದನ್ನೆಲ್ಲ ಮಾವನ ತೊಡೆಯ ಮೇಲೆ ವಾಂತಿ ಮಾಡಿಕೊಂಡಳು. ಮಾವ ಅವಳನ್ನು ಎತ್ತಿಕೊಂಡು ಹೊರಗೆ ಓಡಿದ. ನಲ್ಲಿಯ ಕೆಳಗೆ ಅವಳ ಫ್ರಾಕು, ತನ್ನ ಪ್ಯಾಂಟು ತೊಳೆದು, ಅವಳು ಅಮ್ಮ ಬೇಕು ಎಂದು ರಚ್ಚೆ ಹಿಡಿದದ್ದಕ್ಕೆ ಸಮಾಧಾನ ಮಾಡಿ, ಒಳಗೆ ಬರುವಷ್ಟರಲ್ಲಿ ಸಿನಿಮಾ ಮುಗಿದಿತ್ತು. ಸಾಲು ಖಾಲಿ. ಸೀಟಿನ ಮೇಲೆ ಅವನ ಕರವಸ್ತ್ರವನ್ನು ಮಡಿಸಿ ಇಟ್ಟುಹೋಗಿದ್ದಳು. ಅವಳಿಗಳು ಹಸಿವು ಎಂದು ಹಟ ಮಾಡಿ ಎಳೆದುಕೊಂಡು ಹೋದವಂತೆ, ಅದು ಆಮೇಲೆ ಗೊತ್ತಾದದ್ದು. ಹೆಸರು ಕೇಳಿರಲಿಲ್ಲ. ಯಾವ ಆಸ್ಪತ್ರೆ ಎಂದೂ ಕೇಳಿರಲಿಲ್ಲ.

ಇದೆಲ್ಲ ನಮಗಾರಿಗೂ ತಿಳಿಯದು. ನಮಗೆ ತಿಳಿದದ್ದು ಎರಡು ತಿಂಗಳ ನಂತರ, ಅಜ್ಜಿಯ ಮನೆಯ ಬೀರುವಿನ ಮೇಲೆ ಅಮ್ಮನಿಗೆ ಮೂರು ದೊಡ್ಡ ಲಕೋಟೆ ಸಿಕ್ಕಾಗ. ಮೂರರಲ್ಲೂ ಎಕ್ಸ್-ರೇ ಹಾಳೆ. ಒಂದರಲ್ಲಿ ಭುಜ, ಒಂದರಲ್ಲಿ ಮಂಡಿ, ಒಂದರಲ್ಲಿ ಬೆನ್ನು. ಮೂರು ಬೇರೆ ಬೇರೆ ಆಸ್ಪತ್ರೆ. ಮೂರರ ಮೇಲೂ ಮಾವನ ಹೆಸರು. ತಮ್ಮ ಯಾವುದೋ ದೊಡ್ಡ ಕಾಯಿಲೆ ಮುಚ್ಚಿಡುತ್ತಿದ್ದಾನೆ ಎಂದುಕೊಂಡು ಅಮ್ಮ ಅಳುತ್ತಾ ಕೂತಳು. ಅಜ್ಜಿ ಹಾಳೆಗಳನ್ನು ಕಿಟಕಿಗೆ ಹಿಡಿದು, ಎಲ್ಲಾ ಸರಿಯಾಗೇ ಇದೆಯಲ್ಲ ಎಂದು ಗೊಣಗಿದಳು. ಮಾವ ಕೆಲಸದಿಂದ ಬಂದಾಗ ನಾವು ಮೂವರೂ ಸಾಲಾಗಿ ಕೂತಿದ್ದೆವು.

ಅವನು ತಲೆ ಕೆರೆದುಕೊಂಡ. ನೀರು ಕುಡಿದ. ಆಮೇಲೆ ಎಲ್ಲವನ್ನೂ ಹೇಳಿದ. ಊರಿನಲ್ಲಿ ಎಕ್ಸ್-ರೇ ತೆಗೆಯುವ ಜಾಗ ಏಳಿವೆ. ಸುಮ್ಮನೆ ಹೋಗಿ, ಇಲ್ಲಿ ಹಲ್ಲಿನ ನಡುವೆ ಸಂದಿರುವ ಹೆಂಗಸು ಇದ್ದಾರಾ ಎಂದು ಕೇಳಲಿಕ್ಕಾಗುತ್ತದೆಯೇ? ಅದಕ್ಕೆ ಪರಿಚಯದ ಡಾಕ್ಟರ ಹತ್ತಿರ ಅಲ್ಲಿ ನೋವು, ಇಲ್ಲಿ ನೋವು ಎಂದು ಚೀಟಿ ಬರೆಸಿಕೊಂಡು ಹೋಗಿದ್ದ. ಮೊದಲೆರಡು ಕಡೆ ಗಂಡಸರು. ಮೂರನೆಯ ಕಡೆ ಒಬ್ಬ ಹೆಂಗಸು, ಆದರೆ ಅವಳ ಹಲ್ಲು ದಾಳಿಂಬೆಯ ಹಾಗೆ ಒತ್ತೊತ್ತಾಗಿತ್ತು.

ಅಮ್ಮ ಕಣ್ಣೊರೆಸಿಕೊಂಡಳು. ಅಜ್ಜಿ ಮಾತ್ರ ಲೆಕ್ಕಕ್ಕೆ ಬಿದ್ದಳು.

“ಹಾಗಾದ್ರೆ ಇನ್ನು ನಾಲ್ಕು ಉಳಿದಿವೆ,” ಎಂದಳು. “ಕೈ ಮಣಿಕಟ್ಟು ಇನ್ನೂ ತೆಗೆಸಿಲ್ಲ ನೀನು.”

ಮರುದಿನ ಮಾವನ ಜೊತೆ ನಾನೂ ಹೊರಟೆ. ಯಾರೂ ಕರೆದಿರಲಿಲ್ಲ. ಬಸ್ಸಿನಲ್ಲಿ ಅವನ ಪಕ್ಕ ಕೂತು ಕ್ಷಮೆ ಕೇಳಬೇಕು ಎಂದುಕೊಂಡಿದ್ದೆ, ಬಾಯಿಂದ ಹೊರಡಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉದ್ದದ ಓಣಿ, ಬೆಂಚಿನ ಮೇಲೆ ಕೈಗೆ ಕಟ್ಟು ಹಾಕಿಸಿಕೊಂಡವರು, ಕಾಲಿಗೆ ಕಟ್ಟು ಹಾಕಿಸಿಕೊಂಡವರು. ಸರದಿ ಬಂದಾಗ ನಾನು ಬಾಗಿಲ ಹೊರಗೆ ನಿಲ್ಲಬೇಕಾಯಿತು, ಆದರೆ ಬಾಗಿಲು ಅರ್ಧ ತೆರೆದೇ ಇದ್ದುದರಿಂದ ಒಳಗಿನದು ಕಾಣಿಸುತ್ತಿತ್ತು, ಕೇಳಿಸುತ್ತಿತ್ತು.

ಬೂದು ಬಣ್ಣದ ಕೋಟು ತೊಟ್ಟವಳು ಚೀಟಿಯನ್ನಷ್ಟೇ ನೋಡುತ್ತಿದ್ದಳು. ಮುಖ ನೋಡದೆ ಅವನ ಕೈಯನ್ನು ಹಲಗೆಯ ಮೇಲಿಟ್ಟು, ಬೆರಳುಗಳನ್ನು ಅಗಲಿಸಿ, ಅಲುಗಾಡಬೇಡಿ ಎಂದಳು. ಮಾತಾಡಿದ ಬಾಯಲ್ಲಿ ಆ ಸಂದು ಕಂಡ ಮಾವ ಅಲುಗಾಡಲಿಲ್ಲ. ಗೋಡೆಯನ್ನು ನೋಡುತ್ತಾ ಮೆಲ್ಲಗೆ ಹೇಳಿದ:

“ಈ ಸಲ ಮರೀಗೆ ಮೊಣಕೈ ಇಟ್ಟಿದ್ದರು.”

ಅವಳ ಕೈ ಅಲ್ಲೇ ನಿಂತಿತು. ತಲೆಯೆತ್ತಿದಳು. ಕೇಳಿದಳು:

“ಕೈಗೆ ಏನಾಗಿದೆ?”

“ಏನೂ ಆಗಿಲ್ಲ.”

“ಹಾಗಾದ್ರೆ ತೆಗೀಬಾರದು. ಸುಮ್ಮನೆ ಮೈಗೆ ಒಳ್ಳೇದಲ್ಲ,” ಎಂದು ಅವಳು ಚೀಟಿಯನ್ನು ಮಡಿಸಿ ಅವನ ಕೈಗೇ ಕೊಟ್ಟಳು. “ಐದು ಗಂಟೆಗೆ ಬಿಡುತ್ತೆ ನನಗೆ.”

ಅವರು ಎಂಟು ತಿಂಗಳ ನಂತರ ಮದುವೆಯಾದರು. ನೋಂದಣಿ ಕಚೇರಿಯಲ್ಲಿ ಅಪ್ಪನೂ ಸೇರಿ ನಾವೈದು ಜನ, ಅವಳ ಕಡೆಯಿಂದ ನರ್ಸು ಮತ್ತು ಅವಳಿಗಳು. ಸಹಿ ಹಾಕುವಾಗ ಮಾವ ಮೇಣದ ಮೇಲೆ ಗೆರೆ ಎಳೆಯುವ ಹಾಗೆ ಒಂದೊಂದು ಅಕ್ಷರವನ್ನೂ ನಿಧಾನವಾಗಿ ಬರೆದ. ಹೊರಗೆ ಮೆಟ್ಟಿಲ ಮೇಲೆ ಅವನೊಬ್ಬನೇ ಸಿಕ್ಕಾಗ ನನಗೆ ಕೊನೆಗೂ ಬಾಯಿ ಬಂತು. ಅವತ್ತು ನಾನು ಹಾಗೆ ಅನ್ನಬಾರದಿತ್ತು ಎಂದೆ.

ಅವನು ನನ್ನ ತಲೆಯ ಮೇಲೆ ಕೈಯಿಟ್ಟ. “ನೀನು ಬಂದಿದ್ದಿದ್ರೆ ಏನಾಗ್ತಿತ್ತು ಯೋಚನೆ ಮಾಡು. ನಮ್ಮಿಬ್ಬರನ್ನ ನೋಡಿ, ಅಪ್ಪ ಮಗಳು ಚೆನ್ನಾಗಿದ್ದಾರೆ ಅಂದ್ಕೊಂಡು ಅವಳು ಸುಮ್ಮನೆ ಹೋಗ್ತಿದ್ದಳು.”

ಅವನು ಅದನ್ನು ನನ್ನ ಸಮಾಧಾನಕ್ಕೆ ಹೇಳಿದನೋ ನಿಜವಾಗಿ ಹಾಗೇ ಅಂದುಕೊಂಡಿದ್ದನೋ ಗೊತ್ತಿಲ್ಲ. ಇಡೀ ದಾರಿ ಅವಳಿಗಳ ಜೊತೆ ಕುಣಿಯುತ್ತಾ ಮನೆಗೆ ಹೋದೆ.

ಅತ್ತೆ ಬಂದಮೇಲೆ ಆ ಮೂರು ಕೋಣೆಗಳು ಬೇರೆಯೇ ಆದವು. ಅವಳು ಗಟ್ಟಿ ದನಿಯವಳು, ಅಜ್ಜಿಗೆ ಸರಿಯಾದ ಜೋಡಿ. ಅಜ್ಜಿ ಉಳಿದ ಐದು ವರ್ಷ ಅವಳ ಜೊತೆ ಜಗಳವಾಡಿಕೊಂಡು, ಅವಳ ಕೈಯಲ್ಲೇ ತಲೆ ಬಾಚಿಸಿಕೊಂಡು, ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತಲ್ಲೇ ಹೋದಳು. ಮಾವ, ಅತ್ತೆ ಈಗ ಎರವಲು ಮಕ್ಕಳಿಲ್ಲದೆಯೇ ಸಿನಿಮಾಕ್ಕೆ ಹೋಗುತ್ತಿದ್ದರು. ಟಿಕೆಟ್ ಕೊಡುವವನು ಮಕ್ಕಳು ಎಷ್ಟು ಎಂದರೆ ಅತ್ತೆ ಕಿಟಕಿಗೆ ಬಾಗಿ, ಇಬ್ಬರು, ನಾವೇ, ಎನ್ನುತ್ತಿದ್ದಳು. ಆದರೂ ಕೆಳಮನೆಯ ಹುಡುಗಿ ಕೇಳಿದರೆ ಅವಳನ್ನೂ ಕರೆದೊಯ್ಯುತ್ತಿದ್ದರು. ಅವಳಿಗೆ ಮಾತ್ರ ಏನೂ ತಿನ್ನಲು ಕೊಡುತ್ತಿರಲಿಲ್ಲ.

ಮಾವನಿಗೆ ಐವತ್ಮೂರಾದಾಗ ಒಬ್ಬ ನಿವೃತ್ತ ಟೀಚರು ಕ್ಲಿನಿಕ್ಕಿಗೆ ವಾಪಸ್ ಬಂದರು. ಹೊಸ ಹಲ್ಲಿನಲ್ಲಿ ಒಂದು ಉಳಿದವಕ್ಕಿಂತ ಹಳದಿ ಕಾಣುತ್ತದೆ ಎಂದು ಸಂಕೋಚದಿಂದಲೇ ಹೇಳಿದರು. ಮಾವ ನಕ್ಕ. ಕಿಟಕಿಗೆ ಹಿಡಿದು ನೋಡಿದ. ಮತ್ತೆ ನೋಡಿದ. ಆಮೇಲೆ ಹದಿನಾರು ಹಲ್ಲಿನ ಪಟ್ಟಿಯನ್ನು ಕೈಗೆತ್ತಿಕೊಂಡ. ನೇರವಾಗಿ ನೋಡಿದ ಹಲ್ಲು ಮಾಸಿಹೋಗುತ್ತಿತ್ತು. ಅದರ ಅಕ್ಕಪಕ್ಕದವು ಮಾತ್ರ ಕಾಣುತ್ತಿದ್ದವು.

ಕಣ್ಣಿನ ನಡುಭಾಗ ಸವೆಯುವ ಕಾಯಿಲೆ. ವಾಸಿಯಾಗುವಂಥದ್ದಲ್ಲ, ಪೂರ್ತಿ ಕತ್ತಲೆಯೂ ಆಗುವುದಿಲ್ಲ. ಅಂಚಿನಲ್ಲಿರುವುದು ಕಾಣುತ್ತದೆ, ಎದುರಿಗಿರುವುದು ಕಾಣುವುದಿಲ್ಲ. ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯವರು, ಬಣ್ಣ ನೋಡುವ ಕೆಲಸಕ್ಕೆ ಬೇರೆಯವರನ್ನಿಟ್ಟು, ಬೆರಳಿನಿಂದಲೇ ಮಾಡಬಹುದಾದ ಮೇಣದ ಕೆಲಸವನ್ನು ಎರಡು ವರ್ಷ ಮಾವನಿಗೇ ಕೊಟ್ಟರು. ಆಮೇಲೆ ಮಾವನೇ ಬಿಟ್ಟ. ತನ್ನ ಚಾಕುಗಳನ್ನೆಲ್ಲ ಒರೆಸಿ, ಬೆಂಚಿನ ಮೇಲೆ ಸಾಲಾಗಿಟ್ಟು ಬಂದ. ಮನೆಯಲ್ಲಿ ಬೇಸರ ತೋರಿಸಿಕೊಳ್ಳಲಿಲ್ಲ. ಸಿನಿಮಾ ಮಾತ್ರ ನಿಂತಿತು. ಕಾಣದ ಮೇಲೆ ಯಾಕೆ ಸುಮ್ಮನೆ ಎನ್ನುತ್ತಿದ್ದ. ಅತ್ತೆಯೂ ಹೋಗುವುದನ್ನು ಬಿಟ್ಟಳು.

ಹಾಗಿರುವಾಗ ನೀರುನಾಯಿಗಳ ಮೂರನೆಯ ಭಾಗ ಬಂತು. ಎರಡನೆಯದು ಬಂದು ಹತ್ತು ವರ್ಷವಾಗಿತ್ತು. ನಾನು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ದಾರಿಯುದ್ದಕ್ಕೂ ಪೋಸ್ಟರು. ಮಾವನ ಮುಂದೆ ನಾನು ಆ ಮಾತೆತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ಅವನೇ ಒಂದು ದಿನ ಕೆಳಮನೆಯವರ ರೇಡಿಯೋದಲ್ಲಿ ಜಾಹೀರಾತು ಕೇಳಿ, ಬಂದಿದೆಯಂತೆ ಎಂದ, ಸುಮ್ಮನೆ ಹವಾಮಾನ ಹೇಳುವ ಹಾಗೆ. ಭಾನುವಾರ ಅತ್ತೆ ಮೂರು ಟಿಕೆಟ್ ತಂದು ಅವನ ಅಂಗಿಗೆ ಇಸ್ತ್ರಿ ಹಾಕಿದಳು. ಅವನು ಬೇಡ ಎನ್ನಲಿಲ್ಲ.

ಮಾವನನ್ನು ನಡುವೆ ಕೂರಿಸಿದೆವು. ಅವನು ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡಲು ಪ್ರಯತ್ನಿಸಿದ. ಬಣ್ಣ ಚಲಿಸುವುದು ಕಾಣುತ್ತಿತ್ತು, ಅಷ್ಟೆ. ನಾನು ಎಡಗಿವಿಯಲ್ಲಿ, ಅತ್ತೆ ಬಲಗಿವಿಯಲ್ಲಿ ಹೇಳತೊಡಗಿದೆವು. ನಾನು ಮುಖ, ಬಣ್ಣ, ಬೆಳಕು ಹೇಳುತ್ತಿದ್ದೆ. ಅತ್ತೆ ಯಾರು ಹೇಗೆ ನಡೆದರು, ಯಾರ ಬೆನ್ನು ಎಷ್ಟು ಬಾಗಿದೆ ಎನ್ನುವುದನ್ನು ಹೇಳುತ್ತಿದ್ದಳು. ಹಿಂದೆ ಕೂತಿದ್ದ ಒಬ್ಬರು ಸ್ವಲ್ಪ ಮೆಲ್ಲಗೆ ಎಂದರು. ಅತ್ತೆ ತಿರುಗಿ, ಇವರಿಗೆ ಕಣ್ಣು ಕಾಣಲ್ಲ ಎಂದಳು. ಐದು ನಿಮಿಷ ಬಿಟ್ಟು ಅವರೇ ಮುಂದಕ್ಕೆ ಬಾಗಿ ಹೇಳಿದರು:

“ಬಲಗಡೆ ಮೇಲೆ ಒಂದು ಹಕ್ಕಿ ಕೂತಿದೆ. ಅದನ್ನ ಹೇಳಲಿಲ್ಲ ನೀವು.”

ನೀರುನಾಯಿಗಳು ತಮ್ಮ ಹಳೆಯ ಹೊಳೆಗೆ ಹಿಂತಿರುಗಿದ್ದವು. ಕೊನೆಯ ಮರಿ ಈಗ ದೊಡ್ಡದಾಗಿ ಎಲ್ಲರಿಗಿಂತ ಮುಂದೆ ಈಜುತ್ತಿತ್ತು. ಮಾವ ಕೇಳುತ್ತಾ ಕೂತವನು ಇದ್ದಕ್ಕಿದ್ದಂತೆ ಕೇಳಿದ:

“ತಾತ ಎಲ್ಲಿ?”

ನಾನೂ ಅತ್ತೆಯೂ ಅವನ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿದೆವು. ಅತ್ತೆ ಅವನ ಕೈ ಹಿಡಿದುಕೊಂಡಳು.

“ಇಲ್ಲ,” ಎಂದಳು.

“ಹೊರಗೆ ಹೋಗಿದಾನಾ?”

“ಹೊರಗಲ್ಲ. ಇಲ್ಲ.”

ಪರದೆಯ ಮೇಲೆ ಏನೋ ಹಾಡು ನಡೆದಿತ್ತು, ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಮಾವ, ದೂರದ ನೆಂಟರ ಮನೆಯ ಸುದ್ದಿ ಕೇಳುವವನ ಹಾಗೆ, ಕೇಳಿದ:

“ಮನೆಯವರೆಲ್ಲ ಹೇಗಿದ್ದಾರೆ?”

ಅತ್ತೆ ಪರದೆಯನ್ನು ಸರಿಯಾಗಿ ನೋಡಿ ಉತ್ತರ ಕೊಟ್ಟಳು.

“ಚೆನ್ನಾಗಿದ್ದಾರೆ. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡ್ತಿದ್ದಾರೆ. ಚಿಕ್ಕದು ಎಲ್ಲರಿಗೂ ಬಡಿಸ್ತಾ ಇದೆ.”

ಮಾವ ಆಗ ಅತ್ತ. ಅತ್ತೆಯೂ. ನಾನು ಎಡಗಡೆ ಹೇಳುವುದನ್ನು ನಿಲ್ಲಿಸಿದ್ದೆ.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಮಾವನ ಮುಖ ತೊಳೆದ ಹಾಗೆ ಹಗುರಾಗಿತ್ತು. ಬಸ್ ನಿಲ್ದಾಣದವರೆಗೆ ಅತ್ತೆಯ ತೋಳು ಹಿಡಿದು ನಡೆದ. ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ, ನೀವಿಬ್ಬರೂ ಒಟ್ಟೊಟ್ಟಿಗೆ ಮಾತಾಡಿ ಅರ್ಧ ಕಲಸಿಹೋಯಿತು, ಈಗ ಒಬ್ಬರೇ ಮೊದಲಿಂದ ಸರಿಯಾಗಿ ಹೇಳಿ ಎಂದ. ಅತ್ತೆ ನನ್ನನ್ನು ನೋಡಿದಳು. ನಾನು ಶುರುಮಾಡಿದೆ. ಹೊಳೆಯ ಬಣ್ಣದಿಂದ ಶುರುಮಾಡಿ, ಒಂದೊಂದು ಮುಖವನ್ನೂ ಬಿಡದೆ ಹೇಳುತ್ತಾ ಹೋದೆ. ಮಾವ ನಡುನಡುವೆ ತಡೆದು ಕೇಳುತ್ತಿದ್ದ, ಮಳೆ ಬಂದಾಗ ಕೂದಲು ಹೇಗೆ ಅಂಟಿತ್ತು, ಮರಿಗಳ ಅಮ್ಮನಿಗೆ ವಯಸ್ಸಾದದ್ದು ಎಲ್ಲಿ ಗೊತ್ತಾಗುತ್ತಿತ್ತು ಎಂದೆಲ್ಲ. ಗೊತ್ತಿಲ್ಲದ್ದಕ್ಕೆ ಅತ್ತೆ ಉತ್ತರ ಕೊಡುತ್ತಿದ್ದಳು.

ನಮ್ಮ ನಿಲ್ದಾಣ ಬಂದಾಗ ಕಥೆ ಇನ್ನೂ ಹೊಳೆಯ ಅರ್ಧದಲ್ಲಿತ್ತು. ನಾನು ಏಳಲು ಹೋದೆ. ಅತ್ತೆ ನನ್ನ ಮೊಣಕಾಲು ಒತ್ತಿ ಕೂರಿಸಿ, ಕಂಡಕ್ಟರಿಗೆ ಕೊನೆಯ ನಿಲ್ದಾಣಕ್ಕೆ ಮೂರು ಕೊಡಿ ಎಂದಳು. ಮಾವ ಕಿಟಕಿಯ ಕಡೆ ಒರಗಿ, ಮುಂದೆ ಹೇಳು ಎಂದ.